ರುಮಟಾಲಜಿಯನ್ನು ಪಟ್ಟಿಯಲ್ಲಿ ಎಷ್ಟನೇ ಸಾಲಿಗೆ ಹಾಕಬೇಕು?

ಎಂಡಿ ಆದ ಮೇಲಿನ ಡಿಎಂ (ಸೂಪರ್ ಸ್ಪೆಷಾಲಿಟಿ) ಸೀಟುಗಳಿಗೆ ನಡೆಯುವ ನೀಟ್ ಎಸ್‌ಎಸ್ ಪರೀಕ್ಷೆಯ ಫಲಿತಾಂಶ ಬಂದ ವಾರ, ರುಮಟಾಲಜಿಸ್ಟ್ ಆದ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಮೇಡಂ, ಈ ರ್‍ಯಾಂಕಿಗೆ ಕಾರ್ಡಿಯಾಲಜಿ ಆಗಲ್ಲ. ಎಂಡೋ, ನೆಫ್ರೋ, ರುಮಟಾಲಜಿ ಮೂರೂ ಸಿಗಬಹುದು. ಯಾವುದನ್ನ ಮೇಲೆ ಹಾಕಲಿ?" ಎಂಡೋ ಅಂದರೆ ಹಾರ್ಮೋನಿನ ಕಾಯಿಲೆಗಳ ವಿಭಾಗ, ನೆಫ್ರೋ ಮೂತ್ರಪಿಂಡದ್ದು, ರುಮಟಾಲಜಿ ಕೀಲುವಾತದಂಥ ಕಾಯಿಲೆಗಳದ್ದು. ಕೊನೆಗೊಂದು ಸಾಲು ಇದ್ದೇ ಇರುತ್ತದೆ: "ರುಮಟಾಲಜಿ ಆರಾಮಂತೆ, ಹೌದಾ?"

ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ನನಗೇ ಬೇಜಾರಾಗಿದೆ. ಅದಕ್ಕೇ ಇಲ್ಲಿ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಎಂಡಿ ಮೆಡಿಸಿನ್ ಮುಗಿಸಿದಾಗ ಈಗಿನ ಹಾಗೆ ಒಂದೇ ಪರೀಕ್ಷೆ ಇರಲಿಲ್ಲ. ನೀಟ್ ಎಸ್‌ಎಸ್ ಶುರುವಾಗಿದ್ದು 2017ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಊರಿಗೆ ಒಂದೊಂದು ಪರೀಕ್ಷೆ, ರೈಲಿನ ಅಪ್ಪರ್ ಬರ್ತಿನಲ್ಲಿ ಓದು. ಒಂದು ಲಾಭವಿತ್ತು ಅನ್ನಿ. ಯಾವ ವಿಷಯ ಬೇಕು ಅಂತ ಅರ್ಜಿ ತುಂಬುವಾಗಲೇ ನಿರ್ಧರಿಸಬೇಕಿತ್ತು. ಈಗ ಮೆಡಿಸಿನ್ ಗುಂಪಿನವರಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ರ್‍ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್‌ನಲ್ಲಿ ವಿಷಯ ಆರಿಸಿದರಾಯಿತು. ಹಾಗಾಗಿ ಹತ್ತು ದಿನದಲ್ಲಿ ಮೂವತ್ತು ವರ್ಷದ ಕೆಲಸ ತೀರ್ಮಾನವಾಗುತ್ತದೆ. ಅದೂ ಎಷ್ಟೋ ಸಲ ಹಿಂದಿನ ವರ್ಷ ಯಾವ ಸೀಟು ಯಾವ ರ್‍ಯಾಂಕಿಗೆ ಹೋಯಿತು ಅನ್ನುವ ಎಕ್ಸೆಲ್ ಶೀಟ್ ನೋಡಿಕೊಂಡು.

ಲೆಕ್ಕ ಒಮ್ಮೆ ಹಾಕಿ ನೋಡಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು, ಡಿಎಂ ಮೂರು. ಒಟ್ಟು ಹನ್ನೊಂದೂವರೆ. ಮಧ್ಯೆ ಒಂದು ವರ್ಷವೂ ತಪ್ಪದಿದ್ದರೆ ಡಿಎಂ ಮುಗಿಯುವಾಗ ವಯಸ್ಸು ಮೂವತ್ತರ ಆಸುಪಾಸು. ತಪ್ಪದವರು ಕಡಿಮೆ. ಅಷ್ಟು ಹೊತ್ತಿಗೆ ಮನೆಯಲ್ಲಿ "ಇನ್ನೂ ಓದ್ತಾನೇ ಇದಾನಾ?" ಅನ್ನುವ ಮಾತು ಶುರುವಾಗಿರುತ್ತದೆ.

ಕೆಲಸ ಅಂದರೆ ನಿಜಕ್ಕೂ ಏನು

ನನ್ನ ಚಿಕ್ಕಮ್ಮ ಇವತ್ತಿಗೂ ನನ್ನನ್ನು ಮೂಳೆ ಡಾಕ್ಟರು ಅಂತಲೇ ಪರಿಚಯಿಸುತ್ತಾರೆ. ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ನಾವು ಆಪರೇಷನ್ ಮಾಡುವವರಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬಿದ್ದಾಗ ಬರುವ ಕಾಯಿಲೆಗಳು ನಮ್ಮವು. ಕೀಲುಗಳು ಊದುವ ರುಮಟಾಯ್ಡ್ ಆರ್ಥ್ರೈಟಿಸ್, ಹಲವು ಅಂಗಗಳನ್ನು ಹಿಡಿಯುವ ಲೂಪಸ್, ಬೆನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ, ರಕ್ತನಾಳಗಳ ಉರಿಯೂತ (ವ್ಯಾಸ್ಕುಲೈಟಿಸ್). ಜೊತೆಗೆ ಗೌಟ್. ಕೀಲು ಇವುಗಳ ಮುಂಬಾಗಿಲು ಅಷ್ಟೇ. ಒಳಗೆ ಹೋದರೆ ಮೂತ್ರಪಿಂಡ, ಶ್ವಾಸಕೋಶ, ಕಣ್ಣು, ಚರ್ಮ, ಮಿದುಳು ಎಲ್ಲವೂ ಸಿಗುತ್ತವೆ.

ಒಪಿಡಿಯ ಒಂದು ಬೆಳಗ್ಗೆ ಹೇಗಿರುತ್ತದೆ ಅಂದರೆ, ಮೊದಲು ಬರುವವರು ನಲವತ್ತರ ಹೆಂಗಸು. "ಡಾಕ್ಟ್ರೇ, ಬೆಳಗ್ಗೆ ರೊಟ್ಟಿ ತಟ್ಟೋಕೆ ಕೈ ಏಳಲ್ಲ. ಹನ್ನೊಂದರ ಮೇಲೆ ಸರಿ ಹೋಗುತ್ತೆ." ಈ ಒಂದು ಮಾತಿನಲ್ಲಿ ಅರ್ಧ ರೋಗನಿರ್ಣಯ ಇದೆ. ಸವೆತದ ಕೀಲುನೋವಾದರೆ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ದಿನವಿಡೀ ಓಡಾಡಿದ ಮೇಲೆ ನೋವು ಜಾಸ್ತಿಯಾಗುತ್ತದೆ. ಉರಿಯೂತದ್ದಾದರೆ ಇದು ಉಲ್ಟಾ. ಆಮೇಲೆ ನಾನು ಹೆಬ್ಬೆರಳಿನಿಂದ ಒಂದೊಂದೇ ಕೀಲು ಒತ್ತಿ ನೋಡುತ್ತೇನೆ. ಲೆಕ್ಕಕ್ಕೆ 28 ಕೀಲು. ಪಾದದ ಕೀಲುಗಳು ಆ ಲೆಕ್ಕದಲ್ಲಿ ಇಲ್ಲ, ಆದರೂ ಚಪ್ಪಲಿ ಬಿಡಿಸಿ ನೋಡುತ್ತೇನೆ. ನೋಡದವರು ಕಳೆದುಕೊಳ್ಳುತ್ತಾರೆ.

ಆಮೇಲೆ ಇಪ್ಪತ್ತೈದರ ಹುಡುಗ. ಬೆನ್ನು ನೋವು, ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ನಡೆದಾಡಿದರೆ ಹಗುರ. ಇದು ಸ್ಪಾಂಡಿಲೈಟಿಸ್‌ನ ಲಕ್ಷಣ, ಆದರೆ ಡಿಸ್ಕ್ ಅಂತ ಮೂರು ವರ್ಷ ಬೆಲ್ಟ್ ಹಾಕಿಕೊಂಡು ತಿರುಗಿದ್ದಾನೆ. ಆಮೇಲೆ ಫೈಲು ಹಿಡಿದ ಅಜ್ಜ: "ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದಿದೆ, ನನಗೆ ವಾತ ಅಂತೆ." ಅಜ್ಜನಿಗೆ ಏನೂ ಇಲ್ಲ. ಕಾಯಿಲೆ ಇಲ್ಲದ ಎಷ್ಟೋ ಮಂದಿಯಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಆ ಪರೀಕ್ಷೆ ಪಾಸಿಟಿವ್ ಬರುತ್ತದೆ. ಸ್ಪಾಂಡಿಲೈಟಿಸ್‌ಗೆ ಮಾಡಿಸುವ ಎಚ್‌ಎಲ್‌ಎ ಬಿ27 ರಕ್ತಪರೀಕ್ಷೆಯ ಕಥೆಯೂ ಇದೇ. ನಮ್ಮ ಕೆಲಸದಲ್ಲಿ ಒಂದು ಪಾಲು ಕಾಯಿಲೆ ಹುಡುಕುವುದು, ಇನ್ನೊಂದು ಪಾಲು ಬೇರೆಯವರು ಅಂಟಿಸಿದ ಕಾಯಿಲೆ ಬಿಡಿಸುವುದು.

ನಮ್ಮ ರಾಜ್ಯದಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಪಾವಗಡದ ಕಡೆಯಿಂದ ಬೆನ್ನು ಬಿಗಿದುಕೊಂಡು ಬಂದವರನ್ನು ಸ್ಪಾಂಡಿಲೈಟಿಸ್ ಅಂತ ಬರೆದು ಕಳಿಸುವ ಮುಂಚೆ ಕುಡಿಯುವ ನೀರಿನ ವಿಷಯ ಕೇಳಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಬರುವ ಫ್ಲೋರೋಸಿಸ್ ಅದನ್ನೇ ಹೋಲುತ್ತದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ವಂಶದಲ್ಲಿ ಬರುವ ಕೀಲು-ಮೂಳೆಯ ತೊಂದರೆ. ಅದರ ಬಗ್ಗೆ ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಆ ಸೊಂಟ ಹಿಡಿದ ನಡಿಗೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. 2006ರಲ್ಲಿ ಚಿಕುನ್‌ಗುನ್ಯ ರಾಜ್ಯವಿಡೀ ಹಬ್ಬಿದಾಗ ಲಕ್ಷಾಂತರ ಜನ ಮಂಚ ಹಿಡಿದರು. ಜ್ವರ ಹೋದರೂ ಎಷ್ಟೋ ಮಂದಿಗೆ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಈಗಲೂ ಮಳೆಗಾಲ ಮುಗಿದ ಮೇಲೆ ಇದು ರುಮಟಾಯ್ಡೋ ವೈರಸ್ಸೋ ಅಂತ ತಲೆ ಕೆರೆದುಕೊಳ್ಳುವ ಕೇಸುಗಳು ಸಾಲಾಗಿ ಬರುತ್ತವೆ.

ಇನ್ನು "ಆರಾಮ" ಅನ್ನುವ ಮಾತು. ರಾತ್ರಿ ಕಾಲ್ ಕಡಿಮೆ, ಅದು ನಿಜ. ಆದರೆ ಲೂಪಸ್ ಇರುವ ಹುಡುಗಿ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಐಸಿಯು ಸೇರಿದ ರಾತ್ರಿ ನಿಮಗೆ ನಿದ್ದೆ ಇರುವುದಿಲ್ಲ. ಸೋಂಕೋ, ಕಾಯಿಲೆಯೇ ಕೆರಳಿದ್ದೋ ಗೊತ್ತಿಲ್ಲ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ವಿಷ. ಇಂಥ ರಾತ್ರಿಗಳು ಕಡಿಮೆ. ಬಂದಾಗ ಮಾತ್ರ ಪೂರ್ತಿ ಬರುತ್ತವೆ.

ಎಂಡೋಕ್ರೈನಾಲಜಿಯ ಎದುರು

ನಿಜವಾದ ಪೈಪೋಟಿ ಇರುವುದು ಇಲ್ಲೇ. ಎರಡೂ ಒಪಿಡಿಯ ಕೆಲಸ. ಎರಡರಲ್ಲೂ ರೋಗಿ ವಾಸಿಯಾಗಿ ಹೋಗಿಬಿಡುವುದಿಲ್ಲ, ವರ್ಷಾನುಗಟ್ಟಲೆ ಬರುತ್ತಾರೆ. ಎರಡರಲ್ಲೂ ಕೈಚಳಕಕ್ಕಿಂತ ತಲೆ ಜಾಸ್ತಿ ಬೇಕು. ನಾನೂ ಈ ಎರಡರ ಮಧ್ಯೆಯೇ ಓಲಾಡಿದವಳು.

ವ್ಯತ್ಯಾಸ ಮೊದಲು ಸಂಖ್ಯೆಯಲ್ಲಿದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ರುಮಟಾಯ್ಡ್ ಆರ್ಥ್ರೈಟಿಸ್ ಎಷ್ಟು ಜನರಿಗಿದೆ ಅಂತ ನಮ್ಮ ದೇಶದಲ್ಲಿ ನಡೆದ ಹಳೆಯ ಸಮೀಕ್ಷೆಗಳು, ಹರಿಯಾಣದ ಬಲ್ಲಬ್‌ಗಢದ್ದು, ಪುಣೆ ಹತ್ತಿರದ ಭಿಗ್ವಣದ್ದು, ಹೇಳುವುದು ದೊಡ್ಡವರಲ್ಲಿ ಶೇ 0.5ರಿಂದ 0.75ರಷ್ಟು. ಎಂಡೋ ಓದಿದವರು ಬೋರ್ಡ್ ಹಾಕಿದ ತಿಂಗಳಿಗೇ ಕುರ್ಚಿ ತುಂಬುತ್ತದೆ ಅನ್ನುವ ಮಾತಿಗೆ ಆಧಾರ ಇದು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಸಕ್ಕರೆ ಕಾಯಿಲೆಯನ್ನು ನೋಡದ ಡಾಕ್ಟರು ಯಾರು? ಬೀದಿಯ ಎಂಬಿಬಿಎಸ್‌ನಿಂದ ಹಿಡಿದು ಎಂಡಿಯವರೆಗೆ ಎಲ್ಲರೂ ನೋಡುತ್ತಾರೆ. ಡಿಎಂ ಎಂಡೋ ಆದವರು ಆ ಗುಂಪಿನಲ್ಲಿ ತಮ್ಮ ಜಾಗ ಮಾಡಿಕೊಳ್ಳಬೇಕು. ಪಿಟ್ಯೂಟರಿ, ಅಡ್ರಿನಲ್ ಅಂತ ಕನಸು ಕಂಡು ಹೋದ ನನ್ನ ಗೆಳತಿ ದಿನಕ್ಕೆ ಐವತ್ತು ಜನರ ಸಕ್ಕರೆ, ಥೈರಾಯ್ಡ್ ನೋಡುತ್ತಾಳೆ. ತಿಂಗಳಿಗೊಂದು ಕುಶಿಂಗ್ಸ್ (ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಅಪರೂಪದ ಕಾಯಿಲೆ) ಬಂದರೆ ನನಗೆ ಫೋನ್ ಮಾಡಿ ಸಂಭ್ರಮಿಸುತ್ತಾಳೆ! ಲೂಪಸ್ ಅಥವಾ ವ್ಯಾಸ್ಕುಲೈಟಿಸ್ ಅಂದರೆ ಹಾಗಲ್ಲ, ಬೇರೆ ವಿಭಾಗದವರೇ "ಇದು ನಿಮ್ಮದು" ಅಂತ ಕಳಿಸಿಬಿಡುತ್ತಾರೆ.

ಹಾಗಂತ ರೋಗಿ ನೇರವಾಗಿ ನಮ್ಮ ಹತ್ತಿರ ಬರುವುದಿಲ್ಲ. ಕೀಲು ನೋವು ಅಂದರೆ ಮೊದಲು ಮೂಳೆ ಡಾಕ್ಟರು, ಆಮೇಲೆ ಎಣ್ಣೆ, ಕಷಾಯ, ಪಥ್ಯ, ಆಮೇಲೆ ಯಾರೋ ಕೊಟ್ಟ "ಒಂದೇ ವಾರದಲ್ಲಿ ಗುಣ" ಪುಡಿ. ಆ ಪುಡಿಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮುಖ ಊದಿಕೊಂಡು, ಮೂಳೆ ಸವೆದು, ಸಕ್ಕರೆ ಏರಿಸಿಕೊಂಡು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಬೆರಳು ಸೊಟ್ಟಗಾಗಿರುತ್ತವೆ. ಬೇಗ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನಿಮಗೆ ಗೊತ್ತು. ಹೇಳಿ ಪ್ರಯೋಜನವಿಲ್ಲ. ಈ ಸಂಕಟ ಎಂಡೋದಲ್ಲಿ ಇಷ್ಟಿಲ್ಲ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ರುಮಟಾಯ್ಡ್ ಇದ್ದ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನದಲ್ಲಿ ನಡೆದಾಡಿದಳು. 1950ರಲ್ಲಿ ನೊಬೆಲ್ ಬಂತು. ಅಡ್ಡ ಪರಿಣಾಮಗಳ ಕಥೆ ನಿಧಾನವಾಗಿ ಹೊರಬಂತು. ಆ ಪುಡಿ ಮಾರುವವನು ಇವತ್ತಿಗೂ ಮಾರುತ್ತಿರುವುದು ಆ ಮೊದಲ ವಾರದ ಪವಾಡವನ್ನೇ. ಎರಡನೇ ವರ್ಷದ ಬಿಲ್ಲು ನಮ್ಮ ಟೇಬಲ್ಲಿಗೆ ಬರುತ್ತದೆ.

ಎರಡನೇ ವ್ಯತ್ಯಾಸ ಮನಸ್ಸಿಗೆ ಸಂಬಂಧಿಸಿದ್ದು, ನನ್ನ ಪ್ರಕಾರ ಇದೇ ದೊಡ್ಡದು. ಎಂಡೋದಲ್ಲಿ ಸಂಖ್ಯೆ ನಿಮ್ಮ ಕೈ ಹಿಡಿಯುತ್ತದೆ. ಎಚ್‌ಬಿಎ1ಸಿ ಇಷ್ಟು, ಟಿಎಸ್‌ಎಚ್ ಇಷ್ಟು, ಇನ್ಸುಲಿನ್ ಇಷ್ಟು ಯೂನಿಟ್ ಏರಿಸು. ರುಮಟಾಲಜಿಯಲ್ಲಿ ವರದಿ ಒಂದು ಹೇಳುತ್ತದೆ, ಕೀಲು ಇನ್ನೊಂದು ಹೇಳುತ್ತದೆ, ರೋಗಿ ಮೂರನೆಯದು ಹೇಳುತ್ತಾರೆ. ಒಬ್ಬಾಕೆಗೆ ಜ್ವರ, ಬಾಯಿ ಹುಣ್ಣು, ಸ್ವಲ್ಪ ಕೂದಲು ಉದುರುವುದು, ಲೂಪಸ್‌ಗೆ ಮಾಡಿಸುವ ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್. ಲೂಪಸ್ ಅನ್ನಬೇಕಾ? "ಈಗಲೇ ಹೇಳೋಕೆ ಆಗಲ್ಲಮ್ಮ, ಮೂರು ತಿಂಗಳು ಬಿಟ್ಟು ಬನ್ನಿ" ಅಂತ ಹೇಳಿ, ಅದನ್ನು ಹೇಳಿದ ಮೇಲೂ ರಾತ್ರಿ ನಿದ್ದೆ ಮಾಡುವ ಸ್ವಭಾವ ನಿಮ್ಮದಾ? ಹೌದಾದರೆ ರುಮಟಾಲಜಿಯನ್ನು ಮೇಲೆ ಹಾಕಿ. ಇಲ್ಲವಾದರೆ ಎಂಡೋ ಮೇಲಿರಲಿ. ಸಂಬಳ, ಊರು, ಫೀಸು ಇವೆಲ್ಲ ಇದಾದ ಮೇಲಿನ ಮಾತು.

ಔಷಧಿ ಖರ್ಚಿನ ವಿಷಯ ಎರಡರಲ್ಲೂ ಕಾಡುತ್ತದೆ, ನಮ್ಮಲ್ಲಿ ಜಾಸ್ತಿ. ಹಳೆಯ ಮೆಥೋಟ್ರೆಕ್ಸೇಟ್ ಅಗ್ಗ, ವಾರಕ್ಕೊಂದೇ ದಿನ. ಆ "ವಾರಕ್ಕೊಂದು" ಅನ್ನುವುದನ್ನು ಚೀಟಿಯಲ್ಲಿ ಕನ್ನಡದಲ್ಲಿ, ವಾರದ ಹೆಸರಿನ ಸಮೇತ ಬರೆಯಬೇಕು. ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಬಂದವರನ್ನು ನಾನು ನೋಡಿದ್ದೇನೆ. ಅದು ಸಾಲದಾದಾಗ ಬಯಾಲಜಿಕ್ ಇಂಜೆಕ್ಷನ್ನುಗಳು, ಅಂದರೆ ಜೀವಕೋಶಗಳಲ್ಲಿ ತಯಾರಿಸುವ ದುಬಾರಿ ಔಷಧಿಗಳು. 2014ರ ಕೊನೆಗೆ ಝೈಡಸ್ ಕಂಪನಿ ಅಂಥದ್ದೊಂದು ಇಂಜೆಕ್ಷನ್ ಆದ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್ (ಅದನ್ನೇ ಹೋಲುವ ಅಗ್ಗದ ಔಷಧಿ) ತಂದ ಮೇಲೆ, ಆಮೇಲೆ ಟೋಫಾಸಿಟಿನಿಬ್‌ನ ದೇಶಿ ಮಾತ್ರೆಗಳು ಬಂದ ಮೇಲೆ ಬೆಲೆ ಇಳಿದಿದೆ. ಆದರೂ ಆಸ್ಪತ್ರೆ ಸೇರಿದರೆ ಮಾತ್ರ ದುಡ್ಡು ಕೊಡುವ ವಿಮೆಗಳಿಂದ ಒಪಿಡಿ ರೋಗಿಗೆ ಉಪಯೋಗವಿಲ್ಲ. ಇಂಜೆಕ್ಷನ್ ಕೊಡುವ ಮುಂಚೆ ಒಳಗೆ ಅಡಗಿರುವ ಟಿಬಿ ಹುಡುಕಬೇಕು, ನಮ್ಮ ದೇಶದಲ್ಲಿ ಅದು ಸಣ್ಣ ಮಾತಲ್ಲ. "ಎರಡು ಎಕರೆ ಇದೆ ಡಾಕ್ಟ್ರೇ, ಅರ್ಧ ಮಾರಿದರೆ ಸಾಕಾ?" ಅಂತ ಒಬ್ಬರು ಕೇಳಿದ್ದರು. ಬೇಡ ಅಂದೆ. ಹಳೆಯ ಮಾತ್ರೆಗಳನ್ನೇ ಮೂರು ಸೇರಿಸಿ ಕೊಟ್ಟೆ. ಡಿಎಂನಲ್ಲಿ ಇದನ್ನು ಯಾರೂ ಪ್ರತ್ಯೇಕವಾಗಿ ಪಾಠ ಮಾಡುವುದಿಲ್ಲ.

ನೆಫ್ರಾಲಜಿ: ರೋಗಿ ಒಬ್ಬರೇ, ಬಾಗಿಲು ಬೇರೆ

ಲೂಪಸ್ ಮೂತ್ರಪಿಂಡಕ್ಕೆ ಇಳಿದರೆ ಆ ರೋಗಿ ನಮ್ಮಿಬ್ಬರಿಗೂ ಸೇರಿದವರು. ಬಯಾಪ್ಸಿ ಅವರದು, ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೋಲೇಟ್ ಮಾತ್ರೆ ಯಾರು ಬರೆಯಬೇಕು ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಇಮ್ಯುನಾಲಜಿ (ರೋಗನಿರೋಧಕ ವ್ಯವಸ್ಥೆಯ ವಿಜ್ಞಾನ) ಇಷ್ಟ ಅಂತ ರುಮಟಾಲಜಿಗೆ ಬರುವವರಿಗೆ ನಾನು ಹೇಳುವುದು, ನೆಫ್ರೋದಲ್ಲೂ ಅದು ಬೇಕಾದಷ್ಟಿದೆ. ಕಿಡ್ನಿ ಕಸಿಯಲ್ಲಂತೂ ಅದೇ ಎಲ್ಲ.

ಆದರೆ ನೆಫ್ರಾಲಜಿಯ ದಿನ ಡಯಾಲಿಸಿಸ್ ಯಂತ್ರದ ಸುತ್ತ ತಿರುಗುತ್ತದೆ. ಪೊಟ್ಯಾಸಿಯಂ ಏರಿದವರು ಗಂಟೆ ನೋಡಿ ಬರುವುದಿಲ್ಲ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಯಂತ್ರಗಳು ಬಂದವು, ಹಾಗಾಗಿ ಸಣ್ಣ ಊರಿನಲ್ಲಿ ಕೂತು ಕೆಲಸ ಮಾಡಬೇಕು ಅನ್ನುವವರಿಗೆ ನೆಫ್ರೋ ನಮಗಿಂತ ಸುಲಭ. ಯಾವ ಆಸ್ಪತ್ರೆಯಾದರೂ ಕರೆದು ಕೆಲಸ ಕೊಡುತ್ತದೆ. ರುಮಟಾಲಜಿಸ್ಟ್‌ಗೆ ಹಾಗಲ್ಲ. ಎಷ್ಟೋ ಆಡಳಿತದವರಿಗೆ ನಾವು ಏನು ಮಾಡುತ್ತೇವೆ ಅನ್ನುವುದೇ ಗೊತ್ತಿಲ್ಲ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಒಬ್ಬರು "ನಿಮ್ಮಿಂದ ಎಷ್ಟು ಅಡ್ಮಿಷನ್ ಬರುತ್ತೆ?" ಅಂತ ಕೇಳಿದರು. ನಾನು ಕೆಲಸ ಸರಿಯಾಗಿ ಮಾಡಿದರೆ ಕಡಿಮೆ ಬರುತ್ತೆ ಅಂದೆ. ಆ ಕೆಲಸ ಸಿಗಲಿಲ್ಲ.

ಕಾರ್ಡಿಯಾಲಜಿ, ಗ್ಯಾಸ್ಟ್ರೋ

ಇದಕ್ಕೆ ಜಾಸ್ತಿ ಬರೆಯುವುದಿಲ್ಲ. ಕೈಯಲ್ಲಿ ಹೃದಯದ ವೈರು, ಹೊಟ್ಟೆಯ ಸ್ಕೋಪು ಹಿಡಿದಾಗ ಸಿಗುವ ಖುಷಿ ನಿಮಗೆ ಎಂಡಿಯಲ್ಲೇ ಗೊತ್ತಾಗಿದ್ದರೆ ಹೋಗಿ, ಹಿಂದೆ ನೋಡಬೇಡಿ. ರುಮಟಾಲಜಿಯಲ್ಲಿ ಕೈಕೆಲಸ ಅಂದರೆ ಕೀಲಿಗೆ ಇಂಜೆಕ್ಷನ್, ಅಲ್ಟ್ರಾಸೌಂಡ್, ಅಷ್ಟೇ. ಹಣದ ವಿಷಯದಲ್ಲೂ ಮುಚ್ಚುಮರೆ ಬೇಡ. ಪ್ರೊಸೀಜರ್ ಇರುವ ವಿಭಾಗಗಳ ಗಳಿಕೆ ನಮಗಿಂತ ಜಾಸ್ತಿ, ಬೇಗ. ನಮ್ಮದು ನಿಧಾನಕ್ಕೆ ಕುದಿಯುವ ಸಾರು. ಮೊದಲ ಎರಡು ಮೂರು ವರ್ಷ ಕುರ್ಚಿ ಖಾಲಿ ಇರುತ್ತದೆ. ಆಮೇಲೆ ಬಂದವರು ಬಿಟ್ಟು ಹೋಗುವುದಿಲ್ಲ, ತಂಗಿಯನ್ನೂ ಓರಗಿತ್ತಿಯನ್ನೂ ಕರೆದುಕೊಂಡು ಬರುತ್ತಾರೆ. ಹೆಂಗಸರಿಗೇ ಹೆಚ್ಚಾಗಿ ಬರುವ ಕಾಯಿಲೆಗಳಿವು. ರುಮಟಾಯ್ಡ್‌ನಲ್ಲಿ ಗಂಡಸರ ಎರಡು ಮೂರು ಪಟ್ಟು, ಲೂಪಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರೇ. ಮದುವೆ, ಬಸಿರು, ಅತ್ತೆಮನೆ ಎಲ್ಲವೂ ಒಪಿಡಿಯ ಒಳಗೇ ಬರುತ್ತವೆ. ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ಹೇಳಬೇಕಾ ಬೇಡವಾ ಅಂತ ಅಮ್ಮ ಮಗಳು ನನ್ನ ಮುಂದೆಯೇ ಜಗಳವಾಡಿದ್ದಾರೆ. ಇಂಥ ಮಾತಿಗೆ ಕಾಲು ಗಂಟೆ ಕೊಡುವ ತಾಳ್ಮೆ ಇಲ್ಲದಿದ್ದರೆ ಕಾರ್ಡಿಯಾಲಜಿಯ ಕ್ಯಾಥ್ ಲ್ಯಾಬೇ ವಾಸಿ.

ಎಂಡಿಗೇ ನಿಲ್ಲಿಸಿದರೆ?

ಇದನ್ನು ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಫಿಸಿಷಿಯನ್ ಆಗಿ, ಮೆಥೋಟ್ರೆಕ್ಸೇಟ್ ಧೈರ್ಯವಾಗಿ ಬರೆಯಲು ಕಲಿತು, ಕಷ್ಟದ್ದನ್ನು ಮಾತ್ರ ಮುಂದೆ ಕಳಿಸುವವರು ತಾಲ್ಲೂಕಿಗೆ ಒಬ್ಬರಿದ್ದರೆ ಸಾಕು, ರಾಯಚೂರು, ಬೀದರ್ ಕಡೆಯವರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುವುದು ಅರ್ಧಕ್ಕರ್ಧ ತಪ್ಪುತ್ತದೆ. ಕೀಲು ನೋವು ನೋಡುವುದಷ್ಟೇ ಇಷ್ಟ, ಮೂರು ವರ್ಷ ಮತ್ತೆ ಓದಲು ಮನಸ್ಸಿಲ್ಲ ಅನ್ನುವವರಿಗೆ ರುಮಟಾಲಜಿಯಲ್ಲಿ ಫೆಲೋಶಿಪ್‌ಗಳೂ ಇವೆ. ಆದರೆ ಒಂದು ವಿಷಯ ತಿಳಿದಿರಲಿ. ಫೆಲೋಶಿಪ್ ಡಿಎಂಗೆ ಸಮ ಅಲ್ಲ. ಮೆಡಿಕಲ್ ಕಾಲೇಜಿನ ರುಮಟಾಲಜಿ ಹುದ್ದೆಗೆ ಅದರಿಂದ ದಾರಿ ಆಗುವುದಿಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಆರ್‌ಎನ್‌ಬಿ ಪದವಿ ಆದರೆ ಆಗುತ್ತದೆ, ಅದು ಡಿಎಂನಷ್ಟೇ ಮೂರು ವರ್ಷ.

ಎಲ್ಲಿ ಕಲಿಯುವುದು

ಹೆಸರಿನಲ್ಲೇ ಒಂದು ಸುಳಿವಿದೆ. ಲಖನೌದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿ, ಪುದುಚೇರಿಯ ಜಿಪ್‌ಮರ್, ಬೆಂಗಳೂರಿನ ಸೇಂಟ್ ಜಾನ್ಸ್ ಇಲ್ಲೆಲ್ಲ ವಿಭಾಗದ ಹೆಸರಿನಲ್ಲಿ ಕ್ಲಿನಿಕಲ್ ಇಮ್ಯುನಾಲಜಿ ಇದೆ. ದೆಹಲಿಯ ಏಮ್ಸ್‌ನಲ್ಲಿ ಬರೀ ರುಮಟಾಲಜಿ. ಇಮ್ಯುನಾಲಜಿ ಲ್ಯಾಬನ್ನು ವಿಭಾಗವೇ ನಡೆಸುವ ಜಾಗದಲ್ಲಿ ಎಎನ್‌ಎ ಸ್ಲೈಡನ್ನು ನೀವೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತೀರಿ. ಆಮೇಲೆ ಜೀವನಪೂರ್ತಿ ಹೊರಗಿನ ಲ್ಯಾಬಿನ ವರದಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಸಂಶೋಧನೆ ಕಡೆ ಮನಸ್ಸಿದ್ದವರಿಗೆ ಇಂಥ ಜಾಗ ಒಳ್ಳೆಯದು. ಏಮ್ಸ್, ಪಿಜಿಐ ಚಂಡೀಗಢ, ಜಿಪ್‌ಮರ್‌ಗೆ ಐಎನ್‌ಐ ಎಸ್‌ಎಸ್ ಪರೀಕ್ಷೆ ಬೇರೆಯೇ ಇದೆ, ನೀಟ್ ಎಸ್‌ಎಸ್ ಒಂದನ್ನೇ ನಂಬಿ ಕೂರಬೇಡಿ.

ಹೊರದೇಶದ ಬಗ್ಗೆ ಕೇಳುವವರಿಗೆ: ಅಮೆರಿಕದಲ್ಲಿ ಮೂರು ವರ್ಷದ ಇಂಟರ್ನಲ್ ಮೆಡಿಸಿನ್ ಆದ ಮೇಲೆ ರುಮಟಾಲಜಿ ಫೆಲೋಶಿಪ್ ಎರಡು ವರ್ಷ. ಅಲ್ಲಿ ರುಮಟಾಲಜಿಸ್ಟ್‌ಗಳ ಕೊರತೆ ಬರುತ್ತದೆ ಅಂತ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2015ರ ಅಧ್ಯಯನವೇ ಹೇಳಿತ್ತು. ಆದರೆ ಇಲ್ಲಿ ಎಂಡಿ, ಡಿಎಂ ಮುಗಿಸಿ ಹೋದರೂ ಸಾಮಾನ್ಯವಾಗಿ ಅಲ್ಲಿ ರೆಸಿಡೆನ್ಸಿಯಿಂದಲೇ ಮತ್ತೆ ಶುರು ಮಾಡಬೇಕು. ಹೋಗುವ ಯೋಚನೆ ಇದ್ದರೆ ಡಿಎಂಗೆ ಮುಂಚೆಯೇ ಹೋಗಿ.

ಪಟ್ಟಿ ತುಂಬುವ ಮುಂಚೆ

ಎಂಡಿಯಲ್ಲಿ ಈಗ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಇದೆಯಲ್ಲ, ಅದನ್ನು ಸುಮ್ನೆ ರಜೆ ಅಂತ ಕಳೆಯಬೇಡಿ. ಜಿಲ್ಲಾ ಆಸ್ಪತ್ರೆಯ ಒಪಿಡಿಯಲ್ಲಿ ಕೀಲು ನೋವು ಅಂತ ಬಂದವರಿಗೆಲ್ಲ ಡೈಕ್ಲೋಫೆನಾಕ್ ಬರೆದು ಕಳಿಸುವ ಬದಲು ದಿನಕ್ಕೆ ಇಬ್ಬರನ್ನು ಪಕ್ಕಕ್ಕೆ ಕೂರಿಸಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಕೇಳಿ, ಕೀಲು ಒತ್ತಿ ನೋಡಿ, ಉಗುರು ನೋಡಿ, ಹಳೆ ಚೀಟಿಗಳನ್ನೆಲ್ಲ ಓದಿ. ತಿಂಗಳು ಕಳೆದ ಮೇಲೂ ಮೂರನೇ ಹಳೆ ಚೀಟಿ ಬಿಚ್ಚುವಾಗ ಕುತೂಹಲ ಇದ್ದರೆ, ಸರಿ. ಆಕಳಿಕೆ ಬಂದರೆ ಅದೂ ಉತ್ತರವೇ, ನಾಚಿಕೆ ಏನಿಲ್ಲ.

ಇನ್ನೊಂದು ಮಾತು ಎಕ್ಸೆಲ್ ಶೀಟಿನವರಿಗೆ. ಕಾಲೇಜು ದೊಡ್ಡದು ಅಂತ ಬೇಡದ ವಿಷಯವನ್ನು ಮೇಲೆ ಹಾಕುವವರಿದ್ದಾರೆ. ವಿಭಾಗದಲ್ಲಿ ಎಷ್ಟು ಜನ ಶಿಕ್ಷಕರಿದ್ದಾರೆ, ವಾರಕ್ಕೆ ಎಷ್ಟು ಒಪಿಡಿ, ತಮ್ಮದೇ ಬೆಡ್‌ಗಳು ಇವೆಯಾ ಇಲ್ಲಾ ಮೆಡಿಸಿನ್ ವಾರ್ಡಿನಲ್ಲಿ ಸಾಲ ಪಡೆದದ್ದಾ, ಈಗ ಓದುತ್ತಿರುವವರಿಗೆ ಫೋನ್ ಮಾಡಿ ಕೇಳಿ. ಬೆಡ್ ಇಲ್ಲದ ವಿಭಾಗದಲ್ಲಿ ಕಲಿತರೆ ಲೂಪಸ್‌ನ ಕೆಟ್ಟ ರಾತ್ರಿಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ನಿಮಗೆ ಮಾತ್ರೆ ಬರೆಯುವುದಷ್ಟೇ ಬರುತ್ತದೆ. ಆಮೇಲೆ ಒಂದು ದಿನ ಐಸಿಯುನಿಂದ ಫೋನ್ ಬಂದಾಗ ಅದು ಗೊತ್ತಾಗುತ್ತದೆ.